ಸಪ್ಪೆ ಕಲಿಸಿದ ಊರಲ್ಲೇ ಮಸಾಲೆಯ ಬೀದಿ

ನೆದರ್ಲೆಂಡ್ಸ್‌ಗೆ ಹೋಗಿಬಂದವರನ್ನು ಊಟ ಹೇಗಿತ್ತು ಎಂದು ಕೇಳಿ ನೋಡಿ. ಕಾಲುವೆ, ಸೈಕಲ್ಲು, ಟುಲಿಪ್ ಹೂವಿನ ಬಗ್ಗೆ ಬಾಯ್ತುಂಬ ಮಾತಾಡಿದವರು ಅಲ್ಲಿಗೆ ಬಂದು ತಡವರಿಸುತ್ತಾರೆ. ಮಧ್ಯಾಹ್ನ ಆಫೀಸಿನಲ್ಲಿ ತಣ್ಣನೆ ಬ್ರೆಡ್ಡು, ನಡುವೆ ಒಂದು ಹಾಳೆ ಚೀಸು, ಪಕ್ಕದಲ್ಲೊಂದು ಲೋಟ ಮಜ್ಜಿಗೆ. ಮಜ್ಜಿಗೆ ಎಂದೊಡನೆ ಹಿಗ್ಗಬೇಡಿ. ಉಪ್ಪಿಲ್ಲ, ಇಂಗಿಲ್ಲ, ಒಗ್ಗರಣೆಯ ಮಾತಂತೂ ಇಲ್ಲವೇ ಇಲ್ಲ. ಸಂಜೆ ಆರಕ್ಕೆಲ್ಲ ರಾತ್ರಿಯೂಟ: ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಸೊಪ್ಪು ಕಲಸಿದ ಸ್ಟಾಂಪಾಟ್. ಮಕ್ಕಳು ಬೆಳಗ್ಗೆ ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿಂದು ಶಾಲೆಗೆ ಹೊರಡುತ್ತವೆ. 17ನೇ ಶತಮಾನದಲ್ಲಿ ಪೂರ್ವ ದೇಶಗಳ ಮೆಣಸು, ಲವಂಗ, ಜಾಯಿಕಾಯಿಯನ್ನು ಹಡಗುಗಟ್ಟಲೆ ಹೊತ್ತೊಯ್ದ ದೇಶ ಇದು. ನಮ್ಮ ಬಸ್ರೂರಿನಲ್ಲೂ ಕೋಠಿ ತೆರೆದು, ಕೆಳದಿ ನಾಯಕರ ಸೀಮೆಯ ಅಕ್ಕಿ, ಮೆಣಸು ಕೊಂಡವರು ಇವರು. ಅಷ್ಟೆಲ್ಲ ಮಸಾಲೆ ಎಲ್ಲಿಗೆ ಹೋಯಿತು?

ಇದಕ್ಕೆ ಉತ್ತರ ಬೇಕಿದ್ದರೆ ಆಮ್‌ಸ್ಟರ್‌ಡ್ಯಾಮಿಗಿಂತ ದಿ ಹೇಗ್ ವಾಸಿ. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸಂಸತ್ತು, ದೊರೆಯ ಕಚೇರಿ, ಅಂತರರಾಷ್ಟ್ರೀಯ ನ್ಯಾಯಾಲಯ ಎಲ್ಲ ಇರುವ, ದೇಶದ ಮೂರನೇ ದೊಡ್ಡ ನಗರ. ನಮ್ಮ ಪ್ರವಾಸಿಗರು ಮಾರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿ ವರ್ಮೀರನ ಮುತ್ತಿನೋಲೆಯ ಹುಡುಗಿಯನ್ನು ನೋಡಿ ಮುಂದಿನ ರೈಲಿಗೆ ವಾಪಸಾಗುತ್ತಾರೆ. ಹೊಟ್ಟೆಯ ಲೆಕ್ಕದಲ್ಲಿ ಅದು ದೊಡ್ಡ ನಷ್ಟ.

ಡಚ್ಚರ ನಾಲಿಗೆ ಹುಟ್ಟಿನಿಂದಲೇ ಸಪ್ಪೆಯಾಗಿರಲಿಲ್ಲ. 1667ರಲ್ಲಿ ಅಚ್ಚಾದ ‘ಡೆ ಫರ್‌ಸ್ಟಾಂಡಿಖೆ ಕಾಕ್’ ಎಂಬ ಅಡುಗೆ ಪುಸ್ತಕದಲ್ಲಿ ಮಾಂಸಕ್ಕೂ ಮೀನಿಗೂ ಜಾಯಿಕಾಯಿ, ಜಾಪತ್ರೆ, ಶುಂಠಿ, ಮೆಣಸು ಧಾರಾಳವಾಗಿ ಬೀಳುತ್ತವೆ. ಉಳ್ಳವರ ಮನೆಯ ಅಡುಗೆ, ನಿಜ. ಆದರೆ ರುಚಿ ಗೊತ್ತಿತ್ತು. ಅದನ್ನು ಒಂದೊಂದಾಗಿ ಬಿಡಿಸಿದ್ದು ಮುಂದಿನ ಕಾಲ, ಮತ್ತು ಅದರಲ್ಲಿ ಹೇಗ್ ನಗರದ ಪಾಲು ಸಣ್ಣದಲ್ಲ. 1888ರಲ್ಲಿ ಇಲ್ಲಿ ‘ಹಾಖ್ಸೆ ಕೋಕ್‌ಸ್ಕೋಲ್’, ಅಂದರೆ ಹೇಗ್ ಅಡುಗೆ ಶಾಲೆ, ಶುರುವಾಯಿತು. ಕಡಿಮೆ ಖರ್ಚು, ಹೆಚ್ಚು ಪೌಷ್ಟಿಕಾಂಶ, ಅಚ್ಚುಕಟ್ಟಾದ ಅಡುಗೆಮನೆ: ಇಂಥ ಶಾಲೆಗಳ ಪಾಠ ಇದು. ಬಡ ಕುಟುಂಬಗಳ ಮಟ್ಟಿಗೆ ಅದು ಒಳ್ಳೆಯ ಕೆಲಸವೇ. ಆದರೆ ತರಕಾರಿಯನ್ನು ಮೆತ್ತಗಾಗುವ ತನಕ ಬೇಯಿಸಿ, ಹಾಲು-ಮೈದಾ ಕದಡಿದ ಬಿಳಿ ಸಾಸು ಸುರಿದು, ಮೇಲೆ ಚಿಟಿಕೆ ಜಾಯಿಕಾಯಿ ತುರಿದರೆ ಮುಗಿಯಿತು ಎಂಬ ಊಟ ತಲೆಮಾರುಗಳಿಗೆ ಅಭ್ಯಾಸವಾಗಿ ಹೋಯಿತು. 1934ರಲ್ಲಿ ಇದೇ ಊರಿನ ಇಬ್ಬರು ಶಿಕ್ಷಕಿಯರು, ಸ್ಟಾಲ್ ಮತ್ತು ಡೆ ಖ್ರೋಟ್, ಬರೆದ ಅಡುಗೆ ಪುಸ್ತಕ ‘ಹಾಖ್ಸೆ ಕೋಕ್‌ಬುಕ್’ ಎಂದೇ ಹೆಸರಾಗಿ, ದಶಕಗಟ್ಟಲೆ ಮರುಮುದ್ರಣ ಕಂಡು ದೇಶದ ಮನೆಮನೆ ಸೇರಿತು. ಡಚ್ಚರ ಸಪ್ಪೆಗೆ ಹವೆಯೂ ಧರ್ಮವೂ ಕಾರಣ ಎನ್ನುವವರಿದ್ದಾರೆ. ನನ್ನ ಬೆರಳು ಮಾತ್ರ ಈ ಪಠ್ಯಕ್ರಮದ ಕಡೆಗೇ ಹೋಗುತ್ತದೆ.

ತಮಾಷೆ ನೋಡಿ, ಅದೇ ಊರಿಗೆ ಮಸಾಲೆ ವಾಪಸು ಬಂತು. ಈ ಬಾರಿ ಮೂಟೆಯಲ್ಲಿ ಅಲ್ಲ, ಮನುಷ್ಯರ ಜತೆ.

ಮೊದಲು ಬಂದದ್ದು ಇಂಡೋನೇಷ್ಯಾದಿಂದ. ಡಚ್ ಈಸ್ಟ್ ಇಂಡೀಸ್‌ನಲ್ಲಿ ನೌಕರಿ ಮುಗಿಸಿದ ಅಧಿಕಾರಿಗಳು, ತೋಟದ ಸಾಹುಕಾರರು ನಿವೃತ್ತಿಗೆ ಆರಿಸಿಕೊಳ್ಳುತ್ತಿದ್ದ ಊರು ಹೇಗ್. ವಸಾಹತು ಕೈತಪ್ಪಿದ ಮೇಲೆ ಇದಕ್ಕೆ ‘ಇಂಡೀಸ್‌ನ ವಿಧವೆ’ ಎಂಬ ಹೆಸರೇ ಅಂಟಿಕೊಂಡಿತು. ಇಂಡೋನೇಷ್ಯಾ 1945ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡು, 1949ರಲ್ಲಿ ಡಚ್ಚರು ಅದನ್ನು ಒಪ್ಪಿದ ಮೇಲೆ ಸುಮಾರು 3 ಲಕ್ಷ ಜನ ನೆದರ್ಲೆಂಡ್ಸ್‌ಗೆ ಬಂದರು. ಅವರಲ್ಲಿ ಬಹುಪಾಲು ಮಿಶ್ರ ಸಂತತಿಯ ‘ಇಂಡೋ’ಗಳು. ಸರ್ಕಾರ ಅವರನ್ನು ಗುತ್ತಿಗೆಯ ವಸತಿಗೃಹಗಳಲ್ಲಿ ಇರಿಸಿತು. ಊಟ ವಸತಿಗೃಹದವರದ್ದೇ: ಆಲೂಗಡ್ಡೆ, ಬೇಯಿಸಿದ ಕೋಸು. ಕೋಣೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹುಟ್ಟಿದಾಗಿನಿಂದ ಅನ್ನ, ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿ ಉಂಡವರಿಗೆ ಚಳಿಗಿಂತ ಇದೇ ದೊಡ್ಡ ಶಿಕ್ಷೆಯಾಗಿರಬೇಕು. ಸ್ವಂತ ಮನೆ ಸಿಕ್ಕಿದ್ದೇ ತಡ, ಬೀದಿಬೀದಿಯಲ್ಲಿ ‘ಟೋಕೋ’ಗಳೆದ್ದವು. ಕಿರಾಣಿ ಅಂಗಡಿಯೂ ಹೌದು, ಊಟ ಕಟ್ಟಿಕೊಡುವ ಜಾಗವೂ ಹೌದು. ಗಾಜಿನ ಹಿಂದೆ ತಟ್ಟೆಗಳಲ್ಲಿ ಮಸಾಲೆ ಮಾಂಸದ ರೆಂಡಾಂಗ್, ಸೋಯಾ ಕಾಳಿನ ಟೆಂಪೆ, ಕಡಲೆಕಾಯಿ ಸಾಸಿನ ಗಾಡೋ-ಗಾಡೋ. ಕಪಾಟಿನಲ್ಲಿ ಹುಣಸೆಹಣ್ಣು, ತೆಂಗಿನಹಾಲು, ಲೆಮನ್‌ಗ್ರಾಸ್. ಇಂದು ವೆಲ್ಟ್‌ಹೋವನ್‌ನ ಎಎಸ್‌ಎಂಎಲ್ ಕಂಪನಿಯಲ್ಲೋ ಆಮ್‌ಸ್ಟಲ್‌ವೇನ್‌ನ ಐಟಿ ಕಚೇರಿಯಲ್ಲೋ ದುಡಿಯುವ ಕನ್ನಡದ ಕುಟುಂಬಗಳೂ ಸಾರಿಗೆ ಹುಣಸೆಹಣ್ಣು ಮುಗಿದರೆ ಹತ್ತಿರದ ಟೋಕೋಗೇ ಓಡುವುದು.

ಇಲ್ಲಿನ ಇಂಡೋನೇಷ್ಯನ್ ಹೋಟೆಲುಗಳಲ್ಲಿ ‘ರೈಸ್ಟ್‌ಟಾಫೆಲ್’ ಎಂಬ ಊಟ ಪ್ರಸಿದ್ಧ: ಅನ್ನದ ಸುತ್ತ ಹತ್ತಿಪ್ಪತ್ತು ಪುಟ್ಟ ಬಟ್ಟಲುಗಳಲ್ಲಿ ಬಗೆಬಗೆಯ ವ್ಯಂಜನ. ಇದು ಜಾವಾದವರ ಪದ್ಧತಿಯಲ್ಲ. ವಸಾಹತಿನ ಸಾಹೇಬರ ಜಂಭದಿಂದ ಹುಟ್ಟಿದ್ದು. ಬಟೇವಿಯಾದ, ಅಂದರೆ ಈಗಿನ ಜಕಾರ್ತಾದ, ಹೋಟೆಲ್ ಡೆಸ್ ಇಂಡೀಸ್‌ನಲ್ಲಿ ಸಾಲುಗಟ್ಟಿ ನಿಂತ ಕೆಲಸದಾಳುಗಳು ಒಬ್ಬೊಬ್ಬರು ಒಂದೊಂದು ತಟ್ಟೆ ಹಿಡಿದು ಬಡಿಸುತ್ತಿದ್ದರಂತೆ. ರುಚಿ ಚೆನ್ನಾಗಿದೆ, ಅಲ್ಲಗಳೆಯಲಾರೆ. ಆದರೂ ಟೋಕೋದ ಪೊಟ್ಟಣದ ಊಟವೇ ನನಗೆ ಮೇಲು.

ಎರಡನೆಯದು ಸುರಿನಾಮ್ ದಾರಿ. ನಮಗೆ ಹತ್ತಿರದ್ದೂ ಇದೇ. ಅಡುಗೆ ಪುಸ್ತಕ ಅಚ್ಚಾದ ಅದೇ 1667ರಲ್ಲಿ ಡಚ್ಚರಿಗೂ ಇಂಗ್ಲಿಷರಿಗೂ ಬ್ರೆಡಾ ಒಪ್ಪಂದವಾಯಿತು. ನ್ಯೂಯಾರ್ಕ್ ಇಂಗ್ಲಿಷರ ಪಾಲಿಗೆ ಉಳಿಯಿತು. ಬಂಡಾ ದ್ವೀಪಸಮೂಹದ ಜಾಯಿಕಾಯಿಯ ನಡುಗಡ್ಡೆ ರನ್ ಹಾಗೂ ದಕ್ಷಿಣ ಅಮೆರಿಕದ ಸುರಿನಾಮ್ ಡಚ್ಚರಿಗೆ. ಸುರಿನಾಮಿನ ಕಬ್ಬಿನ ತೋಟಗಳಲ್ಲಿ ಆಫ್ರಿಕಾದ ಗುಲಾಮರು ಜೀವ ತೇದರು. ಗುಲಾಮಗಿರಿ 1863ರಲ್ಲಿ ರದ್ದಾದರೂ ಹತ್ತು ವರ್ಷ ಕಡ್ಡಾಯ ದುಡಿಮೆ ಮುಂದುವರಿಯಿತು. ಅದು ಮುಗಿಯುವ ಹೊತ್ತಿಗೆ ಕಲ್ಕತ್ತೆಯಿಂದ ಕೂಲಿಯಾಳುಗಳ ಹಡಗುಗಳು ಹೊರಟವು. ‘ಲಾಲಾ ರೂಖ್’ ಎಂಬ ಮೊದಲ ಹಡಗು 1873ರ ಜೂನ್ 5ರಂದು ಸುರಿನಾಮಿನ ಪಾರಮಾರಿಬೊ ಮುಟ್ಟಿತು. 1916ರ ತನಕ ಸುಮಾರು 34,000 ಜನ ಹೀಗೆ ಕರಾರಿನ ಮೇಲೆ ಹೋದರು. ಹೆಚ್ಚಿನವರು ಈಗಿನ ಉತ್ತರಪ್ರದೇಶ, ಬಿಹಾರದ ಕಡೆಯವರು. 1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಯಿತು. ಅದರ ಆಚೀಚಿನ ವರ್ಷಗಳಲ್ಲಿ ಹಿಂದುಸ್ತಾನಿಗಳೆಂದು ಕರೆಸಿಕೊಳ್ಳುವ ಅವರ ಮಕ್ಕಳು, ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ನೆದರ್ಲೆಂಡ್ಸ್‌ಗೆ ಬಂದರು, ಅದರಲ್ಲೂ ಹೇಗ್‌ಗೆ.

ಅವರ ಬೀದಿ ಟ್ರಾನ್ಸ್‌ವಾಲ್ ಬಡಾವಣೆಯ ಪಾಲ್ ಕ್ರೂಗರ್‌ಲಾನ್. ಹೊಳೆಯುವ ಸೀರೆ ಅಂಗಡಿ, ಚಿನ್ನದ ಅಂಗಡಿ, ನಡುನಡುವೆ ರೊಟ್ಟಿ ಅಂಗಡಿಗಳು. ಒಂದು ರೊಟ್ಟಿ ಅಂಗಡಿಯಲ್ಲಿ ಅಡುಗೆ ಕಟ್ಟೆಯ ಎದುರೇ ಕೂತು ನೋಡಿದೆ. ಅರಿಸಿನ ಹಾಕಿ ಬೇಯಿಸಿದ ಹಳದಿ ಬಟಾಣಿ ಬೇಳೆಯನ್ನು ನೀರು ಬಸಿದು ಪುಡಿಪುಡಿಯಾಗಿ ರುಬ್ಬಿರುತ್ತಾರೆ. ಅದಕ್ಕೆ ಹುರಿದ ಜೀರಿಗೆ ಪುಡಿ, ಬೆಳ್ಳುಳ್ಳಿ, ಉಪ್ಪು. ಮೈದಾ ಕಣಕವನ್ನು ಅಂಗೈಯಲ್ಲಿ ಬಟ್ಟಲು ಮಾಡಿ, ಹೂರಣ ತುಂಬಿ, ಬಾಯಿ ಮುಚ್ಚಿ, ಲಟ್ಟಿಸಿ, ದೊಡ್ಡ ತವಾದ ಮೇಲೆ ಎಣ್ಣೆ ಸವರಿ ಬೇಯಿಸಿದರು. ಬೆಲ್ಲ ಮರೆತ ಹೋಳಿಗೆ! ಬೇಳೆ ಎಲ್ಲೂ ಹೊರಗೆ ಇಣುಕಲಿಲ್ಲ. ಲಟ್ಟಿಸುತ್ತಿದ್ದ ಹಿರಿಯರು ಗಿರಾಕಿಗಳ ಜತೆ ಡಚ್ ಮಾತಾಡುತ್ತಿದ್ದರು, ಒಳಗಿನ ಹುಡುಗನನ್ನು ಗದರುವಾಗ ಮಾತ್ರ ಭೋಜಪುರಿಯ ನೆರಳಿರುವ ಸರ್ನಾಮಿ. ಹುಬ್ಬಳ್ಳಿ ಹಿಂದಿ ಬಂದರೂ ಸಾಕು, ಬೈಗುಳದ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ತಟ್ಟೆಯಲ್ಲಿ ಮಡಿಸಿಟ್ಟ ರೊಟ್ಟಿಯ ಪಕ್ಕ ಕಪ್ಪಗೆ ಹುರಿದ ಮಸಾಲೆಯ ಕೋಳಿ, ಅದೇ ಮಸಾಲೆಯಲ್ಲಿ ಬೆಂದ ಆಲೂಗಡ್ಡೆ, ಉದ್ದ ಅಲಸಂದೆಕಾಯಿಯ ಪಲ್ಯ, ಒಂದು ಬೇಯಿಸಿದ ಮೊಟ್ಟೆ. ಸಸ್ಯಾಹಾರಿಗಳಿಗೆ ಕುಂಬಳಕಾಯಿ ಹಾಕಿಕೊಡುತ್ತಾರೆ; ಮೊಟ್ಟೆ ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಕೈಯಲ್ಲೇ ತಿನ್ನುವುದು ಇಲ್ಲಿನ ರೂಢಿ. ಟೈ ಕಟ್ಟಿದ ಡಚ್ಚರೂ ಬೆರಳು ಚೀಪುತ್ತಾರೆ. ‘ಮದಾಮ್ ಜನೆಟ್’ ಎಂಬ ಹಳದಿ ಮೆಣಸಿನಕಾಯಿಯ ಚಟ್ನಿ ಬೇಕೇ ಎಂದು ಕೇಳಿದರೆ ಗುಂಟೂರಿನ ಧೈರ್ಯದಲ್ಲಿ ತಲೆಯಾಡಿಸಬೇಡಿ. ಬಾರಾ ಮಾತ್ರ ಬಿಡದೆ ತಿನ್ನಿ: ಉದ್ದಿನ ಹಿಟ್ಟು ಹುದುಗಿಸಿ, ಕೆಸುವಿನ ಜಾತಿಯ ಸೊಪ್ಪು ಹೆಚ್ಚಿ ಬೆರೆಸಿ, ನಡುವೆ ತೂತು ಮಾಡಿ ಕರಿದದ್ದು. ನಮ್ಮ ವಡೆಯಷ್ಟು ಉಬ್ಬದು. ಆದರೆ ಎರಡು ಸಾಗರ ದಾಟಿ ಬಂದ ಉದ್ದು ಅದು.

ಸುರಿನಾಮಿಗೆ ಡಚ್ಚರು ಜಾವಾದಿಂದಲೂ ಕೂಲಿಗಳನ್ನು ಒಯ್ದಿದ್ದರು, 1890ರಿಂದ 1939ರವರೆಗೆ ಸುಮಾರು 33,000 ಜನ. ಹಾಗಾಗಿ ಜಾವಾದ ಸೋಟೋ ಎಂಬ ಕೋಳಿ ಸಾರು ಹೇಗ್‌ನಲ್ಲಿ ಎರಡು ಸಲ ಸಿಗುತ್ತದೆ. ನೇರವಾಗಿ ಬಂದದ್ದು ಒಂದು. ಸುರಿನಾಮ್ ಸುತ್ತಿ, ಸಾವೋಟೋ ಎಂಬ ಹೆಸರಲ್ಲಿ ಬಂದದ್ದು ಇನ್ನೊಂದು. ಎರಡನ್ನೂ ಒಂದೇ ದಿನ ಕುಡಿದು ನೋಡಬಹುದಾದ ಊರುಗಳು ಲೋಕದಲ್ಲಿ ಹೆಚ್ಚಿಲ್ಲ.

ಪಾಲ್ ಕ್ರೂಗರ್‌ಲಾನ್‌ನಿಂದ ನಾಲ್ಕು ಹೆಜ್ಜೆ ನಡೆದರೆ ಹಾಖ್ಸೆ ಮಾರ್ಕ್ಟ್, ಯುರೋಪಿನ ಅತಿ ದೊಡ್ಡ ಬಯಲು ಸಂತೆಗಳಲ್ಲಿ ಒಂದು. ಹಾಗಲ, ಬೆಂಡೆ, ಮೆಂತ್ಯ ಸೊಪ್ಪು, ಕೆಸುವಿನ ಗೆಡ್ಡೆ ರಾಶಿ ಬಿದ್ದಿರುತ್ತವೆ. ಟರ್ಕಿಯ ಅಜ್ಜಿ, ಮೊರಾಕ್ಕೋದ ಗೃಹಸ್ಥ, ಹಿಂದುಸ್ತಾನಿ ಹೆಂಗಸು ಒಂದೇ ಬದನೆ ರಾಶಿಯಲ್ಲಿ ಕೈಯಾಡಿಸುತ್ತಾರೆ. ಇಲ್ಲಿ ಅಡ್ಡಾಡುವಾಗ, 1888ರ ಆ ಶಾಲೆಯ ಗುರುಗಳು ಈ ಸಂತೆಗೆ ಬಂದಿದ್ದರೆ ಏನನ್ನುತ್ತಿದ್ದರೋ ಎಂದು ನಗು ಬರುತ್ತದೆ. ಅಗ್ಗವಾಗಿದೆ, ಪೌಷ್ಟಿಕವಾಗಿದೆ, ಪಾಠದ ಪ್ರಕಾರ ಪಾಸು.

ಹಾಗಂತ ಡಚ್ಚರದ್ದೇ ರುಚಿಗಳಿಲ್ಲವೆಂದಲ್ಲ. ಸ್ಖೆವೆನಿಂಗನ್ ಕಡಲತೀರ ಹೇಗ್‌ನದ್ದೇ. ಜೂನ್ ಹೊತ್ತಿಗೆ ವರ್ಷದ ಹೊಸ ಹೆರಿಂಗ್ ಮೀನು ಬರುತ್ತದೆ. ನಮ್ಮ ಬೂತಾಯಿಯ ಬಳಗ, ಕೊಬ್ಬು ಮಾತ್ರ ಹೆಚ್ಚು. ಬೇಯಿಸುವುದಿಲ್ಲ. ಉಪ್ಪಿನಲ್ಲಿ ಹದಗೊಳಿಸಿದ್ದನ್ನು ಹೆಚ್ಚಿದ ಹಸಿ ಈರುಳ್ಳಿಯೊಂದಿಗೆ, ಬಾಲ ಹಿಡಿದು ಮೇಲೆತ್ತಿ ಬಾಯಿಗೆ ಇಳಿಸುವುದು. ಮಾಂಸ ಬಿಟ್ಟವರ ಕಡೆಗೂ ಈ ಊರು ಒಂದು ಕೈ ನೋಡಿದೆ. ಒಂಬತ್ತನೇ ತಲೆಮಾರಿನ ರೈತ ಯಾಪ್ ಕೋರ್ಟೆವೇಖ್ ‘ವೆಜಿಟೇರಿಯನ್ ಬುಚರ್’ ಎಂಬ, ಸಸ್ಯಮೂಲದ ‘ಮಾಂಸ’ ಮಾರುವ ಅಂಗಡಿಯನ್ನು 2010ರಲ್ಲಿ ತೆರೆದದ್ದು ಹೇಗ್‌ನಲ್ಲೇ; 2018ರಲ್ಲಿ ಯೂನಿಲಿವರ್ ಆ ಕಂಪನಿಯನ್ನೇ ಕೊಂಡಿತು.

ಸುರಿನಾಮಿನ ಈ ಮಸಾಲೆ ಬೀದಿಯಂಗಡಿಯಲ್ಲೇ ನಿಂತಿಲ್ಲ. ಐಂಡ್‌ಹೋವನ್ ಪಕ್ಕ ನ್ಯೂನನ್ ಎಂಬ ಹಳ್ಳಿಯಿದೆ. 1885ರಲ್ಲಿ ವ್ಯಾನ್ ಗಾಗ್ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಬಿಡಿಸಿದ್ದು ಅಲ್ಲಿ: ದೀಪದ ಮಂಕು ಬೆಳಕಿನಲ್ಲಿ ಒಂದೇ ತಟ್ಟೆಯ ಸುತ್ತ ಕೂತ ರೈತ ಕುಟುಂಬ. ಅದೇ ಹಳ್ಳಿಯ ‘ಡೆ ಲಿಂಡೆಹಾಫ್’ ರೆಸ್ಟೋರೆಂಟಿನಲ್ಲಿ ಸುರಿನಾಮ್ ಹಿಂದುಸ್ತಾನಿ ಮೂಲದ ಬಾಣಸಿಗ ಸುನಿಲ್ ಬಹಾದೂರ್ ಫ್ರೆಂಚ್ ಪಾಕಕ್ರಮಕ್ಕೆ ತನ್ನ ಮನೆಯ ಮಸಾಲೆ ಬೆರೆಸಿ ಎರಡು ಮಿಷೆಲಿನ್ ತಾರೆ ಗಳಿಸಿದ್ದಾರೆ. ಅಲ್ಲಿನ ಒಂದೂಟದ ಬಿಲ್ಲಿಗೆ ಪಾಲ್ ಕ್ರೂಗರ್‌ಲಾನ್‌ನಲ್ಲಿ ಇಡೀ ಬಳಗಕ್ಕೆ ರೊಟ್ಟಿ ತಿನ್ನಿಸಬಹುದು ಎಂಬುದೂ ನಿಜ.

ಹೋಗುವವರಿಗೆ ಕೊನೆಯದಾಗಿ ಎರಡು ಮಾತು. ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಮಾತ್ರ. ಸಂಜೆಯಾಗುತ್ತಲೇ ಮಳಿಗೆಗಳು ಮುಚ್ಚುತ್ತವೆ. ರೊಟ್ಟಿ ಅಂಗಡಿಗಳಲ್ಲಿ ಶನಿವಾರ ಸಾಲು ಬೀದಿಗೆ ಬಂದಿರುತ್ತದೆ, ಆದ್ದರಿಂದ ಬುಧವಾರವೇ ಮೇಲು. ಹೋಟೆಲಿನ ಬೆಳಗಿನ ತಿಂಡಿಯನ್ನು ಅವತ್ತು ಬಿಟ್ಟುಬಿಡಿ; ಹೇಗಿದ್ದರೂ ಅದು ಬ್ರೆಡ್ಡು, ಚೀಸು.