ಬಂದರಿನಲ್ಲಿ ನಿಂತ ಪೆಟ್ಟಿಗೆಯ ಬಾಡಿಗೆ

ರೈಲಿನಲ್ಲಿ ಸರಕು ತರಿಸಿದ ವರ್ತಕರಿಗೆ ಡೆಮರೇಜು, ವಾರ್ಫೇಜು ಎಂಬೆರಡು ಶುಲ್ಕಗಳು ಹಳೆಯ ಪರಿಚಯದವು: ಗೊತ್ತಾದ ಅವಧಿಯೊಳಗೆ ವ್ಯಾಗನ್ನನ್ನು ಬರಿದು ಮಾಡದಿದ್ದರೆ ಮೊದಲನೆಯದು, ಇಳಿಸಿದ ಮೂಟೆಗಳನ್ನು ಗೂಡ್ಸ್ ಷೆಡ್ಡಿನಿಂದ ಒಯ್ಯದಿದ್ದರೆ ಎರಡನೆಯದು. ಕಡಲಿನ ಮೇಲೆ ಬರುವ ಕಂಟೇನರಿಗೂ ಇಂಥದೇ ಜೋಡಿ ಉಂಟು. ಸರಕು ತಮ್ಮ ನೆಲದ ಮೇಲೆ ನಿಂತ ದಿನಗಳಿಗೆ ಬಂದರಿನವರು ಡೆಮರೇಜು ಕೇಳುವರು; ಖಾಲಿ ಪೆಟ್ಟಿಗೆ ತಮಗೆ ಮರಳಿ ಸೇರುವುದು ತಡವಾದರೆ ಹಡಗು ಕಂಪೆನಿಯವರು ಡಿಟೆನ್ಷನ್ ಕೇಳುವರು.

ಬೆಂಗಳೂರು–ಗುಂತಕಲ್ಲು ರೈಲುಮಾರ್ಗದ ಮೇಲಿರುವ ಹಿಂದೂಪುರವು ಬೆಲ್ಲ, ಹುಣಿಸೆ, ರೇಷ್ಮೆಗೂಡುಗಳ ಪೇಟೆಯಾಗಿ ಪ್ರಸಿದ್ಧಿ ಪಡೆದು, ಈಚೆಗೆ ತೂಮಕುಂಟೆಯ ಕಾರ್ಖಾನೆಗಳಿಂದಲೂ, 2019ರಲ್ಲಿ ಪೆನುಗೊಂಡೆಯ ಬಳಿ ಕಾರುಗಳನ್ನು ಹೊರತರಲಾರಂಭಿಸಿದ ಕಿಯಾ ಸ್ಥಾವರದಿಂದಲೂ ಕೈಗಾರಿಕೆಯ ನಾಡಾಗುತ್ತಿರುವುದಷ್ಟೆ. ಇಲ್ಲಿನ ಆಮದುದಾರನು ತನ್ನ ಪೆಟ್ಟಿಗೆಯನ್ನು ಚೆನ್ನೈಯಲ್ಲಿಯೇ ಬಿಡಿಸಿಕೊಳ್ಳಬಹುದು. ಇಲ್ಲವೆ ಬೆಂಗಳೂರಿನ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ನಿಲ್ದಾಣದವರೆಗೆ ರೈಲಿನಲ್ಲಿ ತರಿಸಿ ಸುಂಕದ ಕಾರ್ಯವನ್ನು ಅಲ್ಲಿ ಮುಗಿಸಬಹುದು. ಈ ಆಯ್ಕೆಯನ್ನು ಹಡಗು ಬಂದ ಮೇಲೆ ಮಾಡುವುದಲ್ಲ; ಹಡಗಿನ ಸಾಗಣೆಪತ್ರವಾದ ಬಿಲ್ ಆಫ್ ಲೇಡಿಂಗಿನಲ್ಲಿ ತಲಪುವ ಸ್ಥಳವನ್ನು ಬರೆಯಿಸುವಾಗಲೇ ಮಾಡತಕ್ಕದ್ದು.

ನಷ್ಟವು ಬಹುಮಟ್ಟಿಗೆ ಹುಟ್ಟುವುದು ಕಡಲಿನಲ್ಲಲ್ಲ, ಕಾಗದಗಳಲ್ಲಿ. 2021ರ ಮಾರ್ಚಿಯಲ್ಲಿ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಆರು ದಿನ ನಿಂತಂತಹ ವಿಪತ್ತು ಅಪರೂಪ. ಬ್ಯಾಂಕಿನ ಮೂಲಕ ಬರಬೇಕಾದ ಮೂಲ ದಸ್ತಾವೇಜು ಹಡಗಿಗಿಂತ ಹಿಂದೆ ಬೀಳುವುದಾದರೋ ನಿತ್ಯದ ಮಾತು. ಚೀನಾದಿಂದ ರೇಷ್ಮೆನೂಲು ತೆಗೆಯುವ ಯಂತ್ರವನ್ನು ತರಿಸಿದವನ ಕಾಗದಗಳೆಲ್ಲ ಸರಿಯಾಗಿದ್ದರೂ, ಯಂತ್ರವನ್ನು ಹೊತ್ತ ಮರದ ಚೌಕಟ್ಟಿನ ಮೇಲೆ ಕೀಟನಿವಾರಣೆಯ ಅಂತಾರಾಷ್ಟ್ರೀಯ ಮುದ್ರೆಯಿಲ್ಲದಿದ್ದರೆ ಸಸ್ಯಸಂರಕ್ಷಣಾಧಿಕಾರಿಯು ಅದನ್ನು ತಡೆದಾನು. ಯಂತ್ರವು ಹಳೆಯದಾಗಿದ್ದರಂತೂ ಚಾರ್ಟರ್ಡ್ ಇಂಜಿನಿಯರರ ಪ್ರಮಾಣಪತ್ರವೂ ಬೇಕು. 1962ರ ಸುಂಕ ಕಾಯಿದೆಯ 46ನೆಯ ಕಲಮಿನಂತೆ ಆಮದಿನ ಸುಂಕಪತ್ರವಾದ ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವುದಕ್ಕೆ 30 ದಿನ ಮೊದಲೇ ಸಲ್ಲಿಸಲು ಅವಕಾಶವಿದೆ. ಚೆನ್ನೈಯಂತಹ ಬಂದರಿನಲ್ಲಿ ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನವೇ ಕೊನೆಯ ಗಡುವು. ಮೀರಿದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಬಳಿಕ ದಿನಕ್ಕೆ 10,000. ಇಳಿಸಿದ 30 ದಿನಗಳೊಳಗೆ ಬಿಡಿಸಿಕೊಳ್ಳದ ಸರಕನ್ನು, ಆಮದುದಾರನಿಗೆ ತಿಳಿವಳಿಕೆ ಕೊಟ್ಟು, ಮಾರಿಬಿಡಲು 48ನೆಯ ಕಲಮು ಅನುಮತಿಸುತ್ತದೆ.

ತಪ್ಪು ನಮ್ಮದಲ್ಲವೆಂಬ ವಾದವು ಇಲ್ಲಿ ಬಹುದೂರ ಸಾಗದು. ಮದರಾಸು ಬಂದರಿನ ಟ್ರಸ್ಟಿಗಳಿಗೂ ಅಮೀನ್‌ಚಂದ್ ಪ್ಯಾರೇಲಾಲ್ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ, ಆಮದುದಾರನ ದೋಷವಿಲ್ಲದೆ ಸರಕು ನಿಂತರೂ ಡೆಮರೇಜು ವಿಧಿಸುವ ಅಧಿಕಾರವನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಸುಂಕಾಧಿಕಾರಿಗಳು ತಡೆಹಿಡಿದ ಸರಕಿಗೆ ಬಾಡಿಗೆ ಕೇಳಬಾರದೆಂದು 2009ರ ನಿಯಮಾವಳಿ ಹೇಳುತ್ತದೆ ನಿಜ. ಆದರೆ ಆ ವಿನಾಯಿತಿಯು ಇತರ ಕಾನೂನುಗಳಿಗೆ ಅಧೀನವಾದುದು, ಅದನ್ನು ಪಡೆಯಬೇಕಾದವನು ಇಲಾಖೆಯಿಂದ ತಡೆಯ ಪ್ರಮಾಣಪತ್ರವನ್ನು ಕೇಳಿ ಪಡೆದಿರಬೇಕು. ವ್ಯಾಜ್ಯಕ್ಕಿಂತ ಲೇಸಾದ ಉಪಾಯವೊಂದು 49ನೆಯ ಕಲಮಿನಲ್ಲಿದೆ: ತಡವಾಗುವುದೆಂದು ಕಂಡೊಡನೆ ಅನುಮತಿ ಪಡೆದು ಸರಕನ್ನು ಉಗ್ರಾಣಕ್ಕೆ ಸಾಗಿಸಿ, ಪೆಟ್ಟಿಗೆಯನ್ನು ಒಡೆಯನಿಗೆ ಹಿಂದಿರುಗಿಸುವುದು.

ಕಲ್ಯಾಣದುರ್ಗದಂತಹ ಇನ್ನಷ್ಟು ಒಳಗಣ ಊರಿನವರಿಗೆ ಇದೇ ವಿವೇಕವು ಬೇರೊಂದು ರೂಪದಲ್ಲಿ ಉಪಯುಕ್ತ. ಪೆಟ್ಟಿಗೆಯನ್ನು ಊರಿನವರೆಗೆ ಎಳೆತಂದು, ಇಳಿಸುವ ಕ್ರೇನಿಗೆ ಕಾದು, ಬರಿದಾದುದನ್ನು ಮತ್ತೆ ಚೆನ್ನೈಗೆ ಅಟ್ಟುವಷ್ಟರಲ್ಲಿ, ಡಿಟೆನ್ಷನ್ ಇಲ್ಲದೆ ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಹಡಗು ಕಂಪೆನಿ ಬಿಡುವ ಉಚಿತ ದಿನಗಳು ಮುಗಿದಿರುತ್ತವೆ. ಭಾರದ ಯಂತ್ರವಲ್ಲದಿದ್ದರೆ ಬಂದರಿನ ಬಳಿಯೇ ಸರಕನ್ನು ಲಾರಿಗೆ ಬದಲಾಯಿಸುವುದು ಹೆಚ್ಚು ಅಗ್ಗವಾದೀತು. ಉಚಿತ ದಿನಗಳನ್ನು ಹೆಚ್ಚಿಸಿಕೊಳ್ಳುವ ಚೌಕಾಸಿಯಾದರೂ ಹಡಗನ್ನು ಗೊತ್ತುಮಾಡುವವನ ಕೈಯಲ್ಲಿದೆ. ಸಾಗಣೆ, ವಿಮೆಗಳೂ ಸೇರಿದ ಸಿಐಎಫ್ ದರದಲ್ಲಿ ಕೊಂಡವನು ಆ ಅಧಿಕಾರವನ್ನು ಮಾರಾಟಗಾರನಿಗೆ ಬಿಟ್ಟುಕೊಟ್ಟು, ಅವನು ಆರಿಸಿದ ಕಂಪೆನಿಯ ಬಿಲ್ಲನ್ನು ತಾನು ತೆರುವನು. ಆದುದರಿಂದ ಹಡಗನ್ನು ತಾನೇ ಗೊತ್ತುಮಾಡುವ ಎಫ್‌ಒಬಿ ದರದಲ್ಲಿ ಕೊಂಡು, ಉಚಿತ ದಿನಗಳ ಸಂಖ್ಯೆಯನ್ನು ಬರಹದಲ್ಲಿ ಪಡೆದ ಬಳಿಕವೇ ಹಣ ಕಳಿಸುವುದು ಸಣ್ಣ ಆಮದುದಾರನಿಗೆ ತಕ್ಕ ಮಾರ್ಗ.