ದೋಣಿಯ ಮೋಟಾರಿಗೆ ಎಣ್ಣೆ ಬದಲಿಸಿದ ದಿನ

ಎತ್ತಿನ ಬಂಡಿಯ ಕಾಲದಲ್ಲಿ ಕೀಲೆಣ್ಣೆಯಿಲ್ಲದೆ ಪಯಣವಿರಲಿಲ್ಲ. ನಮ್ಮ ಬಾಲ್ಯದಲ್ಲಿ ಜಾತ್ರೆಗೆ ಹೊರಡುವ ಮುನ್ನಾದಿನ ಮನೆಯ ಹಿರಿಯರು ಗಾಲಿಯನ್ನು ಸರಿಸಿ, ಅಚ್ಚಿಗೆ ಅಂಟಿದ ಹಳೆಯ ಮಡ್ಡಿಯನ್ನು ಒರೆಸಿ, ಹೊಸ ಎಣ್ಣೆ ಬಳಿಯುತ್ತಿದ್ದರು. ಅದನ್ನು ಮರೆತು ಹೊರಟ ಬಂಡಿ ಎರಡು ಹರದಾರಿ ದಾಟುವುದರೊಳಗೆ ಕಿರುಗುಟ್ಟುತ್ತಿತ್ತು. ಬಂಡಿಯ ಗುಣವೇ ಅದು. ತನ್ನ ಕೊರತೆಯನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಇಂದಿನ ಯಂತ್ರಗಳು ಹಾಗಲ್ಲ. ಅವು ಬಹುಕಾಲ ಮೌನವಾಗಿ ಸವೆಯುತ್ತವೆ, ಒಂದು ದಿನ ನಡುದಾರಿಯಲ್ಲಿ ನಿಂತುಬಿಡುತ್ತವೆ. ಆ ನಡುದಾರಿ ನೆಲವಾಗಿರದೆ ನೀರಾಗಿದ್ದರೆ ಪರಿಣಾಮವೇನಾದೀತೆಂಬುದನ್ನು ಓದುಗ ಬಂಧುಗಳೇ ಊಹಿಸಬಹುದು.

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು, ಸಾಗರ ಸೀಮೆಯ ಎಷ್ಟೋ ಊರುಗಳು ನೀರಿನಲ್ಲಿ ಮುಳುಗಿದವು. ಉಳಿದ ಕೆಲವು ನಡುಗಡ್ಡೆಗಳಂತಾದವು. ಹಿನ್ನೀರಿನ ಮೇಲೆ ಸಿಗಂದೂರಿನ ಕಡೆಗೆ ಕಟ್ಟಿದ ದೊಡ್ಡ ಸೇತುವೆ 2025ರ ಜುಲೈ ತಿಂಗಳಿನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಆದರೆ ಸೇತುವೆಯ ಹಾದಿಗೆ ದೂರವಾಗಿರುವ ದಡದ ಮನೆಗಳಿಗೆ ದೋಣಿಯೇ ಇಂದಿಗೂ ಬಂಡಿ. ಅಂತಹ ಒಂದು ಮನೆಯೊಡನೆ ನಮಗೆ ಬಹುಕಾಲದ ಬಳಕೆಯಿದೆ. ಅವರಲ್ಲಿ ಫೈಬರಿನ ಸಣ್ಣ ದೋಣಿಯೊಂದಿದೆ. ಅದರ ಹಿಂಬದಿಗೆ ಸುಮಾರು 10 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರನ್ನು ತೂಗುಹಾಕಿದ್ದಾರೆ.

2024ರ ಮಳೆಗಾಲದ ಒಂದು ಸಂಜೆ ಆ ಮನೆಯ ಹಿರಿಯಾಕೆಗೆ ಉಸಿರಾಟದ ತೊಂದರೆಯಾಯಿತು. ಮಗ, ಮೊಮ್ಮಗಳು ಆಕೆಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಆಚೆಯ ದಡಕ್ಕೆ ಹೊರಟರು. ಅರ್ಧ ನೀರು ದಾಟುವಷ್ಟರಲ್ಲಿ ಮೋಟಾರಿನ ಅಡಿಯಿಂದ ಗಡಗಡ ಸದ್ದಾಯಿತು. ಎಂಜಿನು ಮೊರೆಯುತ್ತಲೇ ಇತ್ತು, ನೀರಿನೊಳಗಿನ ಪಂಖ ಮಾತ್ರ ತಿರುಗಲಿಲ್ಲ. ಮಳೆಯಲ್ಲಿ ಒಂದು ಗಂಟೆಗೂ ಮೀರಿ ಹುಟ್ಟುಹಾಕಿ ದಡ ಸೇರಿದರು. ಅಜ್ಜಿ ಬದುಕಿಕೊಂಡರು, ಆದರೆ ಆ ಗಂಟೆಯನ್ನು ಮನೆಯವರಾರೂ ಮರೆತಿಲ್ಲ. ಮುಂದೆ ಮೋಟಾರನ್ನು ಬಿಚ್ಚಿ ನೋಡಿದಾಗ, ಗೇರುಗಳಿರುವ ಪೆಟ್ಟಿಗೆಯಿಂದ ಹಾಲಿನಂತೆ ಬೆಳ್ಳಗಾದ ಎಣ್ಣೆ ಹೊರಬಂದಿತಂತೆ. ನೀರು ಸೇರಿದ ಎಣ್ಣೆಯ ಲಕ್ಷಣವದು. ಎರಡು ವರ್ಷ ಅದನ್ನು ಯಾರೂ ನೋಡಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದಾಗ, ಡಿಪ್ಲೊಮಾ ಓದುತ್ತಿರುವ ಆ ಮೊಮ್ಮಗಳು ಮೋಟಾರಿನ ಕೈಪಿಡಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಈ ವರ್ಷ ಎಣ್ಣೆಯನ್ನು ತಾನೇ ಬದಲಿಸುವೆನೆಂಬುದು ಅವಳ ಸಂಕಲ್ಪ. ಓಲೆಗರಿಯ ಕಟ್ಟುಗಳನ್ನು ಬಿಡಿಸುತ್ತ ಅರುವತ್ತು ದಾಟಿದ ನಮಗೆ ಸ್ಪ್ಯಾನರಿನ ಪರಿಚಯವಿರಲಿಲ್ಲ. ಒಣಗಿದ ಗರಿ ಒಡೆಯದಂತೆ ಹುಲ್ಲಿನೆಣ್ಣೆ ಸವರುವುದಷ್ಟೇ ನಮಗೆ ತಿಳಿದ ಎಣ್ಣೆಯ ಕೆಲಸ. ಆದರೂ ಕಲಿಯುವವರ ಪಕ್ಕದಲ್ಲಿ ಇನ್ನೊಬ್ಬ ಕಲಿಯುವವನಿದ್ದರೆ ಧೈರ್ಯವೆಂದು ತೋಳೇರಿಸಿ ಕುಳಿತೆವು. ಅಂದು ಕಂಡುದನ್ನೂ ಅನುಭವಿಗಳಿಂದ ಕೇಳಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಯಂತ್ರದ ಪರಿಚಯ

ದೋಣಿಯ ಹೊರಗೆ ತೂಗುಹಾಕುವ ಮೋಟಾರನ್ನು ಜನಪ್ರಿಯಗೊಳಿಸಿದವನು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನೆಲೆಸಿದ ಈತ 1909ರಲ್ಲಿ ತನ್ನ ಮೋಟಾರನ್ನು ಮಾರಾಟಕ್ಕೆ ತಂದನು. ಬೇಸಿಗೆಯ ದಿನವೊಂದರಲ್ಲಿ ತಾನು ವರಿಸಲಿದ್ದ ಬೆಸ್ ಎಂಬಾಕೆಗಾಗಿ ಐಸ್‌ಕ್ರೀಂ ತರಲು ಸರೋವರದಲ್ಲಿ ಹುಟ್ಟುಹಾಕಿ ಹೋದನೆಂದೂ, ಮರಳುವಷ್ಟರಲ್ಲಿ ಅದು ಕರಗಿಹೋಯಿತೆಂದೂ, ಅಂದೇ ದೋಣಿಗೊಂದು ಯಂತ್ರ ಬೇಕೆಂಬ ಯೋಚನೆ ಮೂಡಿತೆಂದೂ ಕಥೆಯಿದೆ.

ಈ ಮೋಟಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಯಂತ್ರದಲ್ಲಿ ಎಣ್ಣೆ ಇಂಧನದೊಡನೆ ಬೆರೆತು ಉರಿದುಹೋಗುತ್ತದೆ. ಆದುದರಿಂದ ಎಂಜಿನ್ನಿನ ಎಣ್ಣೆಯನ್ನು ಬದಲಿಸುವ ಪ್ರಶ್ನೆಯೇ ಅಲ್ಲಿಲ್ಲ. ನಾಲ್ಕು ಹೊಡೆತದ, ಎಂದರೆ ಫೋರ್ ಸ್ಟ್ರೋಕ್ ಯಂತ್ರದಲ್ಲಿ ಕಾರಿನಲ್ಲಿರುವಂತೆ ಎಣ್ಣೆ ಒಳಗೇ ಸುತ್ತುತ್ತದೆ, ಮಸಿಯನ್ನೂ ಲೋಹದ ಸವಕಳಿಯನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕಾಲಕಾಲಕ್ಕೆ ತೆಗೆಯಲೇಬೇಕು. ಇವೆರಡಕ್ಕೂ ಸಮಾನವಾದುದು ನೀರಿನೊಳಗಿರುವ ಗೇರು ಪೆಟ್ಟಿಗೆ. ಅದರ ಎಣ್ಣೆಯೇ ಬೇರೆ. ಹೊಸಬರು ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ. ನಮ್ಮ ಪರಿಚಿತರ ಮನೆಯಲ್ಲಿ ಆಗಿದ್ದುದೂ ಅದೇ.

ಹೊಸ ಮೋಟಾರಿಗೆ ಮೊದಲ ಬದಲಾವಣೆ ಸಾಮಾನ್ಯವಾಗಿ 20 ಗಂಟೆಗಳ ಓಟದ ಆಸುಪಾಸಿನಲ್ಲಿ. ಆಮೇಲೆ ಬಹುತೇಕ ಮಾದರಿಗಳಿಗೆ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಆದರೆ ಕೈಪಿಡಿಯ ಮಾತೇ ಕೊನೆಯ ಮಾತು. ಎಣ್ಣೆಯ ಡಬ್ಬದ ಮೇಲೆ 10ಡಬ್ಲ್ಯೂ-30 ಎಂಬಂತಹ ಸಂಖ್ಯೆಯಿರುತ್ತದೆ. ಮೊದಲನೆಯದು ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ ಎರಡನೆಯದು ಕಾವಿನಲ್ಲಿ ಅದು ಉಳಿಸಿಕೊಳ್ಳುವ ದಪ್ಪವನ್ನೂ ಸೂಚಿಸುತ್ತದೆ. ಅದರೊಡನೆ ಎಫ್‌ಸಿ-ಡಬ್ಲ್ಯೂ ಎಂಬ ಗುರುತಿದ್ದರೆ ಅದು ನೀರಿನ ಮೋಟಾರಿಗೆಂದೇ ಪರೀಕ್ಷಿಸಿದ ಎಣ್ಣೆ. ದೋಣಿಯ ಮೋಟಾರು ಪೂರ್ಣ ವೇಗದಲ್ಲಿ ನಿಮಿಷಕ್ಕೆ 5000ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ, ಸದಾ ತೇವದಲ್ಲಿರುತ್ತದೆ. ಕಾರಿನ ಸಾಧಾರಣ ಎಣ್ಣೆಯಲ್ಲಿ ತುಕ್ಕು ತಡೆಯುವ ಅಂಶ ಅಷ್ಟಿರುವುದಿಲ್ಲ.

ಕೆಲಸದ ಕ್ರಮ

ಮೊದಲು ಎಂಜಿನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗೆ ಮಾಡಬೇಕು. ಬೆಚ್ಚಗಾದ ಎಣ್ಣೆ ತೆಳ್ಳಗಾಗಿ, ತಳದ ಕೊಳೆಯನ್ನು ಹೊತ್ತುಕೊಂಡು ಸುಲಭವಾಗಿ ಹೊರಬರುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆಯುಂಟು. ಈ ಮೋಟಾರನ್ನು ತಣಿಸುವುದು ಹೊರಗಿನ ನೀರು. ಆ ನೀರನ್ನು ಮೇಲಕ್ಕೆತ್ತುವುದು ರಬ್ಬರಿನ ಒಂದು ಪುಟ್ಟ ಚಕ್ರ. ನೀರಿಲ್ಲದೆ ಓಡಿಸಿದರೆ ಆ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿದುಹೋಗುತ್ತದೆ. ಆದುದರಿಂದ ನಾವು ಮೋಟಾರನ್ನು ಮರದ ಕಟ್ಟೆಗೆ ಬಿಗಿದು, ಅದರ ಕೆಳಭಾಗವನ್ನು ನೀರು ತುಂಬಿದ ಪೀಪಾಯಿಯಲ್ಲಿ ಇಳಿಸಿ, ಗೇರನ್ನು ತಟಸ್ಥದಲ್ಲಿಟ್ಟು ಓಡಿಸಿದೆವು. ಹಿಂಬದಿಯಿಂದ ನೀರಿನ ಸಣ್ಣ ಧಾರೆ ಚಿಮ್ಮುತ್ತಿದ್ದರೆ ತಣಿಸುವ ನೀರು ಹರಿಯುತ್ತಿದೆಯೆಂದು ಅರ್ಥ.

ನಿಲ್ಲಿಸಿದ ಮೇಲೆ ಸುರಕ್ಷತಾ ದಾರವನ್ನು ಕಳಚಿಟ್ಟು, ಎಣ್ಣೆ ತಳಕ್ಕಿಳಿಯಲೆಂದು ಸ್ವಲ್ಪ ಹೊತ್ತು ಕಾದೆವು. ಮೋಟಾರು ನೇರವಾಗಿ ನಿಂತಿರಬೇಕು. ಓರೆಯಾಗಿದ್ದರೆ ಹಳೆಯ ಎಣ್ಣೆ ಒಳಗೇ ಉಳಿಯುತ್ತದೆ, ಹೊಸದರ ಅಳತೆಯೂ ತಪ್ಪುತ್ತದೆ. ಮೇಲಿನ ಮುಚ್ಚಳ ತೆರೆದು, ಕೆಳಗೆ ಬೋಗುಣಿಯಿಟ್ಟು, ಬಸಿಯುವ ಬೋಲ್ಟನ್ನು ಸಡಿಲಿಸಿದಾಗ ಕಾಡಿಗೆಯಂತಹ ಎಣ್ಣೆ ಇಳಿಯಿತು. ಬೋಲ್ಟಿನ ಕೆಳಗೊಂದು ತೆಳುವಾದ ಬಿಲ್ಲೆಯಿರುತ್ತದೆ. ಬಿಗಿದಾಗ ಅದು ನಜ್ಜಿ ಸೋರಿಕೆಯನ್ನು ತಡೆಯುತ್ತದೆ. ಒಮ್ಮೆ ನಜ್ಜಿದುದು ಮತ್ತೊಮ್ಮೆ ಹಾಗೆಯೇ ಕೂರುವುದಿಲ್ಲ. ಅಲ್ಪ ಬೆಲೆಯ ಹೊಸ ಬಿಲ್ಲೆ ಹಾಕುವುದೇ ಲೇಸು.

ಮುಂದಿನದು ಶೋಧಕ, ಎಂದರೆ ಫಿಲ್ಟರು. ತೀರ ಚಿಕ್ಕ ಮೋಟಾರುಗಳಲ್ಲಿ ಇದು ಇರುವುದೇ ಇಲ್ಲ. ಇದ್ದರೆ ಹಳೆಯದನ್ನು ತಿರುಗಿಸಿ ತೆಗೆದಾಗ ಅದರ ರಬ್ಬರಿನ ಉಂಗುರವೂ ಜೊತೆಗೆ ಬಂದಿತೇ ಎಂದು ನೋಡಬೇಕು. ಹಳೆಯ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಎಣ್ಣೆಯೆಲ್ಲ ಸೋರಿಹೋಗುವುದು ನಿಶ್ಚಯ. ಹೊಸ ಫಿಲ್ಟರಿನ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ, ಕೈಯಿಂದ ತಿರುಗಿಸಿ, ಅದು ತಗುಲಿದ ಮೇಲೆ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು.

ಇಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಮೋಟಾರಿಗೆ ಬೇಕಾದುದು ಸುಮಾರು 800 ಮಿಲಿಲೀಟರು. ಹುಡುಗಿ ಬಟ್ಟೆ ತರಲು ಒಳಹೋದಾಗ, ಡಬ್ಬ ಒಂದು ಲೀಟರಿನದೆಂಬುದನ್ನು ಗಮನಿಸದೆ ನಾವು ಪೂರ್ತಿ ಸುರಿದುಬಿಟ್ಟೆವು. ಹೆಚ್ಚಿಗೆ ಹಾಕಿದರೆ ನಷ್ಟವೇನೆಂಬುದು ನಮ್ಮ ಭಾವನೆ. ದೀಪಕ್ಕೆ ಎಣ್ಣೆಯೆರೆದ ಅಭ್ಯಾಸ. ಅಳತೆಕಡ್ಡಿಯನ್ನು ಎತ್ತಿ ನೋಡಿದಾಗ ಎಣ್ಣೆ ಮೇಲಿನ ಗೆರೆಯನ್ನು ಬಹಳವಾಗಿ ಮೀರಿತ್ತು. ಮಿತಿಮೀರಿದ ಎಣ್ಣೆಯನ್ನು ಒಳಗಿನ ಭಾಗಗಳು ಕಡೆದು ನೊರೆ ಮಾಡುತ್ತವೆ. ನೊರೆಗೆ ಲೋಹವನ್ನು ಕಾಯುವ ಶಕ್ತಿ ಕಡಿಮೆ. ಉಳಿದುದು ಗಾಳಿಯ ದಾರಿಗೆ ನುಗ್ಗಿ ಹೊಗೆಯೆಬ್ಬಿಸುತ್ತದೆ. ಹುಡುಗಿ ಬೈಯಲಿಲ್ಲ. ದೊಡ್ಡ ಸಿರಿಂಜಿಗೆ ನಳಿಕೆ ಸಿಕ್ಕಿಸಿ, ಹೆಚ್ಚಿನದನ್ನು ತಾಳ್ಮೆಯಿಂದ ಹೀರಿ ತೆಗೆದಳು. ಬೇಕಾದುದಕ್ಕಿಂತ ತುಸು ಕಡಿಮೆ ಹಾಕಿ, ಕಡ್ಡಿಯಲ್ಲಿ ನೋಡುತ್ತ, ಎರಡು ಗೆರೆಗಳ ನಡುವೆ ತರುವುದೇ ಸರಿಯಾದ ಕ್ರಮವೆಂಬುದನ್ನು ನಾವು ಹೀಗೆ ಕಲಿತೆವು. ಆಮೇಲೆ ಮತ್ತೆ ಪೀಪಾಯಿಯಲ್ಲಿ ಓಡಿಸಿ, ಸೋರಿಕೆಯಿಲ್ಲವೆಂದು ಕಂಡು, ನಿಲ್ಲಿಸಿ, ಮತ್ತೊಮ್ಮೆ ಅಳೆದೆವು.

ಮರೆಯಲಾಗದ ಎರಡನೆಯ ಎಣ್ಣೆ

ಗೇರು ಪೆಟ್ಟಿಗೆಯ ಕೆಲಸ ನೋಡಲು ವಿಚಿತ್ರ. ಅದರ ಪಕ್ಕದಲ್ಲಿ ಎರಡು ತಿರುಪುಗಳಿರುತ್ತವೆ, ಒಂದು ಕೆಳಗೆ, ಒಂದು ಮೇಲೆ. ಕೆಲವು ಹಳೆಯ ಮಾದರಿಗಳಲ್ಲಿ ಹತ್ತಿರದಲ್ಲೇ ಗೇರಿನ ಕೊಂಡಿಯನ್ನು ಹಿಡಿದಿರುವ ಬೇರೊಂದು ತಿರುಪು ಇರುತ್ತದೆ. ಅದನ್ನು ತೆಗೆದರೆ ಒಳಗಿನ ಕೊಂಡಿ ಕಳಚಿ ದೊಡ್ಡ ರಿಪೇರಿಯಾಗುತ್ತದೆ. ಆದುದರಿಂದ ಕೈಪಿಡಿಯ ಚಿತ್ರವನ್ನು ನೋಡದೆ ಕೈಹಾಕಬಾರದು. ಕೆಳಗಿನ ತಿರುಪನ್ನು ತೆಗೆದರೆ ಎಣ್ಣೆ ಹನಿಹನಿಯಾಗಿ ಬರುತ್ತದೆ. ಮೇಲಿನದನ್ನೂ ತೆಗೆದಾಗ ಗಾಳಿ ಒಳಹೋಗಿ ಧಾರೆಯಾಗಿ ಇಳಿಯುತ್ತದೆ.

ಈಗ ಆ ಎಣ್ಣೆಯನ್ನು ವೈದ್ಯನು ನಾಡಿ ನೋಡುವಂತೆ ಪರೀಕ್ಷಿಸಬೇಕು. ತಿರುಪಿನ ಅಯಸ್ಕಾಂತದ ತುದಿಗೆ ನುಣ್ಣನೆಯ ಬೂದಿಬಣ್ಣದ ಲೇಪವಿದ್ದರೆ ಅದು ಸಹಜ ಸವೆತ. ಬೆರಳಿಗೆ ಸಿಗುವ ಲೋಹದ ಚೂರುಗಳಿದ್ದರೆ ಗೇರು ಒಡೆಯುತ್ತಿದೆಯೆಂದು ತಿಳಿಯಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಪಂಖದ ದಂಡಕ್ಕೆ ಮೀನಿನ ಗಾಳದ ದಾರ ಸುತ್ತಿಕೊಂಡು, ನೀರು ತಡೆಯುವ ಸೀಲನ್ನು ಕೊಯ್ಯುವುದು ಇದಕ್ಕೆ ಸಾಮಾನ್ಯ ಕಾರಣ. ಹಾಗಿದ್ದಾಗ ಬರಿಯ ಎಣ್ಣೆ ಬದಲಿಸಿದರೆ ಸಾಲದು, ಸೀಲನ್ನೂ ಬದಲಿಸಬೇಕು. ಹಿಂದಿನ ವರ್ಷ ಯಾರಾದರೂ ಈ ತಿರುಪನ್ನೊಮ್ಮೆ ತೆಗೆದು ನೋಡಿದ್ದರೆ, ಅಜ್ಜಿ ಆ ಮಳೆಯಲ್ಲಿ ನಡುನೀರಿನಲ್ಲಿ ಇರಬೇಕಾಗಿರಲಿಲ್ಲ. ಅಂದು ಹುಡುಗಿ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೊಡ್ಡಿ ನೋಡಿದಳು. ಅದು ಜೇನಿನಂತೆ ತಿಳಿಯಾಗಿತ್ತು. ಅವಳು ಉಸಿರು ಬಿಟ್ಟುದು ನಮಗೆ ಕೇಳಿಸಿತು.

ಹೊಸ ಎಣ್ಣೆಯನ್ನು ಮೇಲಿನಿಂದ ಸುರಿಯಬಾರದು, ಕೆಳಗಿನ ರಂಧ್ರದಿಂದ ಒತ್ತಿ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಪೆಟ್ಟಿಗೆ ತುಂಬಿದಂತೆ ತೋರುತ್ತದೆ, ವಾಸ್ತವವಾಗಿ ಬರಿದಾಗಿರುತ್ತದೆ. ಕೆಳಗಿನಿಂದ ತುಂಬಿದಾಗ ಎಣ್ಣೆ ಗಾಳಿಯನ್ನು ಮುಂದೂಡುತ್ತ ಏರಿ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬರುತ್ತದೆ. ಆಗ ಮೊದಲು ಮೇಲಿನ ತಿರುಪನ್ನು ಬಿಗಿಯಬೇಕು. ಅನಂತರ ನಳಿಕೆಯನ್ನು ತೆಗೆದು ಕೆಳಗಿನದನ್ನು ಥಟ್ಟನೆ ಹಾಕಬೇಕು. ಮೇಲೆ ಗಾಳಿಗೆ ದಾರಿಯಿಲ್ಲದುದರಿಂದ ಹೆಚ್ಚೇನೂ ಚೆಲ್ಲುವುದಿಲ್ಲ. ಇವಕ್ಕೂ ಹೊಸ ಬಿಲ್ಲೆಗಳೇ ಬೇಕು.

ಹಳೆಯ ಎಣ್ಣೆ ಎಲ್ಲಿಗೆ?

ಕೆಲಸ ಮುಗಿದಾಗ ಬೋಗುಣಿಯಲ್ಲಿ ಕರಿಯೆಣ್ಣೆ ಉಳಿಯಿತು. ಮನೆಯ ಯಜಮಾನರು ಅದನ್ನು ಗೆದ್ದಲು ಹಿಡಿಯದಂತೆ ಬೇಲಿಯ ಗೂಟಗಳಿಗೆ ಬಳಿಯಲು ಹೊರಟರು. ನಮ್ಮ ಹಳ್ಳಿಗಳಲ್ಲಿ ಇದು ಹಳೆಯ ರೂಢಿ. ಮೊಮ್ಮಗಳು ಅಡ್ಡ ನಿಂತಳು. ಮಳೆ ಬಂದಾಗ ಅದು ಇಳಿಯುವುದು ನಾವು ಕುಡಿಯುವ ಹಿನ್ನೀರಿಗೇ ಅಲ್ಲವೇ ಎಂಬುದು ಅವಳ ಪ್ರಶ್ನೆ. ಒಂದು ಸಲದ ಬದಲಾವಣೆಯಲ್ಲಿ ತೆಗೆದ ಎಣ್ಣೆ 10 ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ದೇಶದಲ್ಲಿಯೂ ಬಳಸಿದ ಎಣ್ಣೆ ಅಪಾಯಕರ ತ್ಯಾಜ್ಯವೆಂದು 2016ರ ನಿಯಮಗಳಲ್ಲಿ ಪರಿಗಣಿತವಾಗಿದೆ. ಯಜಮಾನರು ಕೆಲಕಾಲ ಸುಮ್ಮನಿದ್ದು, ಖಾಲಿ ಡಬ್ಬವನ್ನು ತಾವೇ ತಂದುಕೊಟ್ಟರು. ಪೇಟೆಗೆ ಹೋದಾಗ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಮರುಶುದ್ಧಿಗೆ ಕಳುಹಿಸುವ ವಾಹನ ರಿಪೇರಿಯ ಅಂಗಡಿಯಲ್ಲಿ ಅದನ್ನು ಒಪ್ಪಿಸಿದರೆಂದು ಮುಂದೆ ತಿಳಿಯಿತು.

ಎಲ್ಲ ಸೇರಿ ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ಅಭ್ಯಾಸವಿದ್ದವರಿಗೆ ಒಂದು ಗಂಟೆಯ ಕೆಲಸವಂತೆ. ತಗುಲಿದ ವೆಚ್ಚವು ಹಿಂದಿನ ವರ್ಷದ ಗೇರು ರಿಪೇರಿಯ ಮುಂದೆ ಲೆಕ್ಕಕ್ಕೇ ಇಲ್ಲ.

ಆ ಮನೆಯ ಪಡಸಾಲೆಯ ಗೋಡೆಗೆ ಈಗ ಒಂದು ನೋಟುಪುಸ್ತಕ ತೂಗುಹಾಕಿದೆ. ದೋಣಿ ಎಷ್ಟು ಹೊತ್ತು ಓಡಿತು, ಎಣ್ಣೆ ಯಾವಾಗ ಬದಲಾಯಿತು, ಅದರ ಬಣ್ಣ ಹೇಗಿತ್ತು ಎಂಬುದನ್ನೆಲ್ಲ ಅದರಲ್ಲಿ ಬರೆಯುತ್ತಾರೆ. ಅಜ್ಜಿಗೆ ಓದಲು ಬಾರದು. ಆದರೂ ದೋಣಿ ಮರಳಿದಾಗಲೆಲ್ಲ ಬರೆದಿರಾ ಎಂದು ಕೇಳುವುದನ್ನು ಬಿಡುವುದಿಲ್ಲ. ದೋಣಿಯಿಲ್ಲದ ಓದುಗರ ಮನೆಗಳಲ್ಲಿಯೂ ನೀರೆತ್ತುವ ಪಂಪು, ಟ್ರ್ಯಾಕ್ಟರು, ದ್ವಿಚಕ್ರ ವಾಹನಗಳಿವೆ. ಅವುಗಳ ಎಣ್ಣೆಯನ್ನು ಕೊನೆಯ ಸಲ ನೋಡಿದುದು ಯಾವಾಗ? ನೆನಪಾಗದಿದ್ದರೆ ಇಂದೇ ಕಡ್ಡಿಯೆತ್ತಿ ನೋಡುವುದು ಒಳ್ಳೆಯದು. ಅಳತೆ ಮೀರಿ ಸುರಿಯದಿರಿ ಎಂಬುದಷ್ಟೇ ನಮ್ಮ ಅನುಭವದ ಮಾತು.