ನಿಮಗಿದು ಗೊತ್ತೆ? ಗಿಡದ ದಾಹ ಅರಿಯುವ ಮಡಕೆ
ಧರ್ಮಪುರಿ, ಸೇಲಂ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬುಡಕ್ಕೆ ಸುರಿದ ನೀರು ಬಹಳಷ್ಟು ಆವಿಯಾಗಿಯೇ ಹೋಗುತ್ತದೆ. ಎಳೆ ಮಾವಿನ ಸಸಿ, ಮಲ್ಲಿಗೆ ಗಿಡ ಉಳಿಯಬೇಕೆಂದರೆ ಬಣ್ಣ ಬಳಿಯದ ಮಣ್ಣಿನ ಮಡಕೆಯೊಂದನ್ನು ಪಕ್ಕದಲ್ಲೇ ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿ. ಸುತ್ತಲ ಮಣ್ಣು ಒಣಗಿದಾಗ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗುವುದು ತಾನಾಗಿ ಕುಗ್ಗುತ್ತದೆ. ಚೀನಾದ ಕೃಷಿ ಗ್ರಂಥವೊಂದು ಸುಮಾರು 2000 ವರ್ಷಗಳ ಹಿಂದೆಯೇ ಈ ಉಪಾಯವನ್ನು ದಾಖಲಿಸಿದೆ. ಮುಚ್ಚಳ ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ! ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೊಂದು ತೊಡಕು: ಲವಣ ಕಟ್ಟಿ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಇಳಿಯುವುದು ನಿಧಾನವಾದರೆ ಮಡಕೆಯನ್ನು ತೆಗೆದು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ, ಇಲ್ಲವೇ ಹೊಸದನ್ನಿಡಿ.